ವಿಧವೆಗೆ ಕಿಟಕಿ ಯಾಕೆ?

ಹುಟ್ಟಿದ ಹೆಣ್ಣುಮಗುವಿಗೆ ಸೈಲೆನ್ಸ್ ಎಂದು ಹೆಸರಿಟ್ಟಾಗ ಅವಳಪ್ಪನಿಗೆ ದೊಡ್ಡ ಆಸೆಯಿತ್ತು. ಸೈಲೆನ್ಸ್ ಎಂದರೆ ಮೌನ. ಮಗಳಿಗೆ ಯಾವ ಗುಣ ಬರಲಿ ಎಂದು ಹಾರೈಸುತ್ತಾರೋ ಅದನ್ನೇ ಹೆಸರಾಗಿ ಅಂಟಿಸಿಬಿಡುವುದು ಹಡ್‌ಬರಿ ಊರಿನವರ ಪದ್ಧತಿ. ಗುಣ ಬಂದರೆ ದೇವರ ದಯೆ. ಬಾರದಿದ್ದರೆ ಹೆಸರಾದರೂ ಉಳಿಯಿತಲ್ಲ! ಸೈಲೆನ್ಸಮ್ಮನ ವಿಷಯದಲ್ಲಿ ಹೆಸರಷ್ಟೇ ಉಳಿಯಿತು. ಮೂರು ವರ್ಷದವಳಿದ್ದಾಗಲೇ ಪಾದ್ರಿಯ ಕೆಮ್ಮನ್ನು ಪಾದ್ರಿಯ ಮುಂದೆಯೇ ಕೆಮ್ಮಿ ತೋರಿಸಿ ಪೆಟ್ಟು ತಿಂದಿದ್ದಳು. ಐವತ್ತು ದಾಟಿದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಪೆಟ್ಟು ಕೊಡುವವರು ತೀರಿಕೊಂಡಿದ್ದರು, ಅಷ್ಟೇ.

ಗಂಡ ಓಬದಾಯ ಟಟ್ಲ್ ಅವಳನ್ನು ಮದುವೆಯಾದದ್ದೇ ಆ ಚಟಕ್ಕೆ ಮರುಳಾಗಿ. ಕನೆಕ್ಟಿಕಟ್ ನದಿಯ ದೋಣಿಗಟ್ಟದ ಎದುರಿಗೇ ಅವನ ವಸತಿಮನೆ. ಉಣಿಸುವುದು, ಕುಡಿಸುವುದು, ಮಲಗಿಸುವುದು ಮೂರೂ ಅಲ್ಲಿ ನಡೆಯುತ್ತಿತ್ತು. ಸಂಜೆ ಗಿರಾಕಿಗಳು ಕರಗಿದ ಮೇಲೆ ಓಬದಾಯ ಅಡಿಗೆಮನೆಯ ಒಲೆಯ ಪಕ್ಕದ ಕೈಕುರ್ಚಿಯಲ್ಲಿ ಕೂತು, "ಎಲ್ಲಿ, ಡೀಕನ್ನರನ್ನ ಕರಿ ನೋಡೋಣ" ಎನ್ನುತ್ತಿದ್ದ. ಸೈಲೆನ್ಸಮ್ಮ ಮೂಗು ಒತ್ತಿ ಹಿಡಿದರೆ ಸಾಕು, ಚರ್ಚಿನ ಹಿರಿಯ ಡೀಕನ್ ಎಲಿಫಲೆಟ್ ಅವಳ ಬಾಯಿಂದ ಇಳಿದು ಬರುತ್ತಿದ್ದ. ಓಬದಾಯ ಹೊಟ್ಟೆ ಹಿಡಿದು ನಗುವನು, ಕುರ್ಚಿ ಕಿರುಗುಟ್ಟುವುದು.

ಯಾವ ಕೆಲಸಕ್ಕೂ ಅವಸರ ಮಾಡದಿದ್ದ ಆ ಮನುಷ್ಯ, ಹುಲ್ಲು ಕೊಯ್ಯುವ ಕಾಲದಲ್ಲಿ ಒಂದೇ ಮಧ್ಯಾಹ್ನದೊಳಗೆ ಹೊರಟುಹೋದ. ಉಯಿಲು ಬರೆದಿರಲಿಲ್ಲ. "ನಾಳೆ ಬರೀತೀನಿ ಕಣೇ" ಎನ್ನುತ್ತ ಎಷ್ಟೋ ನಾಳೆಗಳನ್ನು ಕುಡಿದು ಮುಗಿಸಿದ್ದ.

ಹಾರ್ಟ್‌ಫರ್ಡಿನ ಕೋರ್ಟು ವಿಧವೆಯನ್ನೇ ಆಸ್ತಿಯ ಆಡಳಿತಗಾರ್ತಿಯಾಗಿ ನೇಮಿಸಿತು. ಆಡುವುದು ಅವಳಿಗೆ ಮೊದಲೇ ಗೊತ್ತಿತ್ತು. ಆಳುವುದನ್ನು ದೊರೆಯ ಮುದ್ರೆ ಒತ್ತಿ ಕೋರ್ಟು ಕೊಟ್ಟಿತು. ವಸತಿಮನೆ ನಡೆಸುವ ಪರವಾನಗಿಯೂ ಅವಳ ಹೆಸರಿಗೇ ಆಯಿತು. ಗಂಡ ಕೊಡಬೇಕಿದ್ದವರಿಗೆ ಕೊಟ್ಟಳು. ಗಂಡನಿಗೆ ಕೊಡಬೇಕಿದ್ದವರು "ನಾನೆಲ್ಲಿ ಸಾಲ ಹೇಳಿದ್ದೆ?" ಎಂದಾಗ, ಅವರು ಹೇಳಿದ್ದ ರೀತಿಯಲ್ಲೇ, ಅವರದೇ ತೊದಲಿನಲ್ಲಿ, ತುಂಬಿದ ಕೋಣೆಯಲ್ಲಿ ಹೇಳಿ ತೋರಿಸಿದಳು. ಎರಡನೆಯ ಸಲ ಹೇಳಿಸಿಕೊಳ್ಳಲು ಯಾರೂ ನಿಲ್ಲಲಿಲ್ಲ. ಸುಗ್ಗಿಯ ಹೊತ್ತಿಗೆ ಇತ್ಯರ್ಥಕ್ಕೆ ಉಳಿದದ್ದು ಮನೆಯೊಂದೇ.

ಮನೆಗೆ ಪಾಲುದಾರನೊಬ್ಬನಿದ್ದ. ಓಬದಾಯನ ಮೊದಲ ಹೆಂಡತಿಯ ಮಗ, ಮಿಡಲ್‌ಟೌನಿನಲ್ಲಿ ಅಂಗಡಿ ಇಟ್ಟ ಜೇಬೆಜ್. ಹೆಸರಿಗೆ ತಕ್ಕ ಹಾಗೆ ಅವನ ಕೈ ಸದಾ ಜೇಬಿನಲ್ಲಿರುತ್ತಿತ್ತು, ತನ್ನದರಲ್ಲಿ ಇಲ್ಲದಾಗ ಇನ್ನೊಬ್ಬರದರಲ್ಲಿ. ಹೆಂಡತಿ ಪೇಶನ್ಸ್, ಹಾಗೆಂದರೆ ತಾಳ್ಮೆ. ಅವಳಪ್ಪನೂ ಆಸೆಬುರುಕನೇ.

ಇಬ್ಬರೂ ಕುದುರೆಗಾಡಿಯಲ್ಲಿ ಬಂದು ಇಳಿದರು.

"ಅಮ್ಮಾ, ಬಾಸ್ಟನ್ನಿನ ಸಾಹುಕಾರರೊಬ್ರು ಇಡೀ ಮನೆ ಕೇಳ್ತಿದಾರೆ. ನಿನ್ನ ಪಾಲು ಬಿಟ್ಟುಕೊಟ್ಟೆ ಅಂತ ಒಂದು ಸಹಿ ಹಾಕಿಬಿಡು. ನಮ್ಮ ಜೊತೆ ಬಂದಿರು. ಅಟ್ಟದಲ್ಲಿ ಜಾಗ ಇದೆ," ಎಂದ ಜೇಬೆಜ್.

"ಸುಮ್ನೆ ಅಟ್ಟ ಅಲ್ಲಮ್ಮ," ಎಂದಳು ಪೇಶನ್ಸ್, "ಈರುಳ್ಳಿ ಒಣಗಿಸೋ ಅಟ್ಟ. ಬೆಚ್ಚಗಿರತ್ತೆ."

"ಈರುಳ್ಳಿ ಜೊತೆ ನಾನೂ ಒಣಗಬಹುದು ಅನ್ನು. ಅಳೋಕೂ ಅನುಕೂಲ, ಯಾರೂ ಯಾಕೆ ಅಂತ ಕೇಳಲ್ಲ," ಎಂದಳು ಸೈಲೆನ್ಸಮ್ಮ. "ಬೇಡ ಮಗಳೇ. ಈ ಒಲೆ ಮುಂದೆ ಬಂದೋಳು, ಈ ಒಲೆ ಮುಂದೇನೇ ಹೋಗ್ತೀನಿ. ಅಲ್ಲೀವರೆಗೆ ಗಿರಾಕಿಗಳಿಗೆ ಗಂಜಿ ಕಾಯಿಸಬೇಕು."

ಜೇಬೆಜ್ ಮುಖ ಗಂಟಿಕ್ಕಿದ. "ಹಾಗಾದ್ರೆ ಕಾಯಿದೆ ಪ್ರಕಾರ ಭಾಗ ಆಗ್ಲಿ. ಒಂದು ಚಳಿಗಾಲ ಕಳೀಲಿ, ನೀನಾಗಿ ಬಂದು ಸಹಿ ಹಾಕ್ತೀಯ."

ಕಾಯಿದೆ ಸರಳ. ಉಯಿಲಿಲ್ಲದೆ ಸತ್ತವನ ಮನೆಯಲ್ಲಿ, ಜೀವ ಇರುವವರೆಗೆ ವಿಧವೆಗೆ ಮೂರನೇ ಒಂದು ಪಾಲು, ಉಳಿದೆರಡು ಮಗನಿಗೆ. ಮನೆಯನ್ನೇನು ರೊಟ್ಟಿಯ ಹಾಗೆ ಕುಯ್ಯಲಾಗುತ್ತದೆಯೇ? ಹಡ್‌ಬರಿಯಲ್ಲಿ ಕುಯ್ಯುತ್ತಿದ್ದರು. ಮೂವರು ನೆರೆಯವರು ಸೀಮೆಸುಣ್ಣ ಹಿಡಿದು ಬಂದು, ಇದು ವಿಧವೆಯ ಕೋಣೆ, ಇದು ಮಗನದು, ಒಲೆಯ ಈ ಅರ್ಧ ಅವಳದು, ಆ ಅರ್ಧ ಅವನದು ಎಂದು ನೆಲದ ಮೇಲೆ ಗೆರೆ ಎಳೆದು, ಊಟ ಮಾಡಿ ಹೋಗುತ್ತಿದ್ದರು. ಆ ಗೆರೆಗಳ ಆಚೀಚೆ ನಿಂತು ಅತ್ತೆ ಸೊಸೆಯರು ಮಾಡಿದ ಯುದ್ಧಗಳ ಮುಂದೆ ಫ್ರೆಂಚರ ಮೇಲಿನ ಯುದ್ಧ ಮಕ್ಕಳಾಟ.

ಬಡಪಾಯಿ ವಿಧವೆಗೆ ಸಾಮಾನ್ಯವಾಗಿ ಬೀಳುತ್ತಿದ್ದುದು ಹಿತ್ತಲ ಮೂಲೆಯ ಒಂದು ಗೂಡು. ಅಲ್ಲಿಂದ ನೀರಿಗೆ ಹೋಗಬೇಕಾದರೂ ಮಗನ ಅಡಿಗೆಮನೆ ದಾಟಬೇಕು. ಅದಕ್ಕೇ ಪಾಲುಪತ್ರದ ಕೊನೆಗೆ ಒಂದು ಮಾತು ಸೇರಿಸುವುದು ವಾಡಿಕೆ. ಮೂವತ್ತು ವರ್ಷದಿಂದ ಊರಿನ ಎಲ್ಲ ಪಾಲುಗಳಿಗೂ ಮುಂದಾಳಾಗಿದ್ದ ಡೀಕನ್ ಎಲಿಫಲೆಟ್ ಅದನ್ನು ಪ್ರಾರ್ಥನೆಯ ಹಾಗೆ ಬಾಯಿಪಾಠ ಹೇಳುತ್ತಿದ್ದ. ಆತನ ಮಾತೆಲ್ಲ ಮೂಗಿನ ದಾರಿಯಲ್ಲೇ ಬರುವುದು:

"ವಿಂಧವೆಗೆ ಮಂಗನ ಭಾಂಗದ ಮೂಲಕ ಬಾಂವಿಗೆ, ಒಂಲೆಗೆ, ನೆಂಲಮಾಳಿಗೆಗೆ ಹೋಂಗಲು ಬಂರಲು ಹಂಕ್ಕುಂಟು!"

ಓಬದಾಯನಿಗೆ ಇದೇ ಬಲು ಪ್ರಿಯವಾದ ಪಾತ್ರ. "ಮಂಗನ ಭಾಗ" ಎಂಬಲ್ಲಿ ಅವನಿಗೆ ಉಸಿರೇ ಕಟ್ಟುತ್ತಿತ್ತು. ಎಷ್ಟು ಸಲ ಹೇಳಿ ತೋರಿಸಿದ್ದಳೋ! ಒಂದು ಮಾತನ್ನು ಅಷ್ಟು ಸಲ ಅಣಕಿಸಿದವರಿಗೆ ಅದರ ಅರ್ಥವೂ ಯಾವಾಗಲೋ ಒಮ್ಮೆ ಹೊಳೆದುಬಿಡುತ್ತದೆ. ಜೇಬೆಜ್‌ನ ಗಾಡಿ ಮರೆಯಾಗುತ್ತಿದ್ದಂತೆ ಸೈಲೆನ್ಸಮ್ಮನಿಗೆ ಹೊಳೆಯಿತು. ಗಂಜಿ ತಿರುವುತ್ತಿದ್ದವಳು ಸೌಟು ಹಿಡಿದೇ ಮನೆಯನ್ನೊಂದು ಸುತ್ತು ಬಂದಳು.

ಆ ಸೀಮೆಯ ಎಲ್ಲ ಮನೆಗಳ ಹಾಗೆ ಅದೂ ನಡುವಿನ ಒಂದು ದೈತ್ಯ ಹೊಗೆಗೂಡನ್ನು ತಬ್ಬಿಕೊಂಡು ನಿಂತಿತ್ತು. ಮುಂಬಾಗಿಲು ತೆಗೆದರೆ ಪುಟ್ಟ ಮೊಗಸಾಲೆ. ಅದರ ಎಡಕ್ಕೆ ದೊಡ್ಡ ಮಂಚವಿದ್ದ ಅತಿಥಿಕೋಣೆ, ಬಲಕ್ಕೆ ಗಿರಾಕಿಗಳು ಕುಡಿಯುವ ಕೋಣೆ, ಎದುರಿಗೆ ಮಹಡಿಗೆ ಹೋಗುವ ಮೆಟ್ಟಿಲು. ಹಿಂದುಗಡೆ ಮನೆಯಷ್ಟೇ ಅಗಲದ ಅಡಿಗೆಮನೆ, ಹಿತ್ತಲ ಬಾಗಿಲು, ಬಾವಿ. ಮುಂದಿನ ಎರಡು ಕೋಣೆಗಳಿಗೂ ಎರಡೆರಡೇ ಬಾಗಿಲು: ಒಂದು ಮೊಗಸಾಲೆಗೆ, ಇನ್ನೊಂದು ಅಡಿಗೆಮನೆಗೆ. ಸೈಲೆನ್ಸಮ್ಮ ಮೊಗಸಾಲೆಯಲ್ಲಿ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಸೌಟು ನೆಕ್ಕಿದಳು.

ಸೇಬು ಅರೆಯುವ ದಿನಗಳಲ್ಲಿ ಪಾಲು ಮಾಡಲು ಮೂವರು ಬಂದರು: ಡೀಕನ್ ಎಲಿಫಲೆಟ್, ಕಮ್ಮಾರ, ಊರ ದಳದ ಕ್ಯಾಪ್ಟನ್. ಸೈಲೆನ್ಸಮ್ಮ ಕಪ್ಪು ಶಾಲು ಹೊದ್ದು, ಕಪ್ಪು ಅಂಚಿನ ಕರವಸ್ತ್ರ ಹಿಡಿದು, ಹುಟ್ಟಿದಂದಿನಿಂದ ಮೊದಲ ಬಾರಿಗೆ ತನ್ನ ಹೆಸರಿಗೆ ತಕ್ಕ ಹಾಗೆ ನಿಂತಿದ್ದಳು. ಒಲೆಯಲ್ಲಿ ಕುಂಬಳಕಾಯಿಯ ಕಡುಬು ಬೇಯುತ್ತಿತ್ತು. ಕ್ಯಾಪ್ಟನ್ನನ ಗಮನವೆಲ್ಲ ಆ ಕಡೆಗೆ.

ಜೇಬೆಜ್ ಅವರಿಗಿಂತ ಎರಡು ಹೆಜ್ಜೆ ಮುಂದೆ. "ಈ ಅತಿಥಿಕೋಣೆ ಮಗನಿಗೇ ಬರಬೇಕು. ಮಂಚ ಇಲ್ಲೇ ಇದೆಯಲ್ಲ."

ಡೀಕನ್ ವಿಧವೆಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಗೆರೆ ಬಿತ್ತು.

"ಕುಡಿಯೋ ಕೋಣೆ?" ಎಂದ ಜೇಬೆಜ್, ಇಷ್ಟು ಸುಲಭವೇ ಎಂದು ತಾನೇ ಬೆರಗಾಗಿ.

"ತಗೋ ಮಗಾ."

"ಮಹಡಿ ಮೇಲಿನ ಎರಡು ಕೋಣೆ?"

"ತಗೋ. ಬೆಳಕು ಚೆನ್ನಾಗಿದೆ."

ಪೇಶನ್ಸ್ ಆಗಲೇ ಪರದೆಗೆಂದು ಗೇಣು ಹಾಕಿ ಕಿಟಕಿ ಅಳೆಯುತ್ತಿದ್ದಳು. "ಮುಂದಿನ ಕಿಟಕಿಗಳೆಲ್ಲ ನಮಗೇ ಅಂತ ಬರೀರಿ ಡೀಕನ್ನವರೇ. ಆಮೇಲೆ ತಕರಾರು ಬೇಡ."

ಡೀಕನ್ನನಿಗೂ ಒಂದು ಅಂತಃಕರಣ ಇತ್ತು, ಮೂಗಿನ ಹಿಂದೆ ಎಲ್ಲೋ. "ತಂಗೀ, ನಿಂನಗೂ ಒಂದು ಕಿಂಟಕಿ ಬೇಂಡವೇ?"

ಸೈಲೆನ್ಸಮ್ಮ ಕರವಸ್ತ್ರದೊಳಗೆ ಮುಖ ಹುದುಗಿಸಿ ಭುಜ ಕುಲುಕಿಸಿದಳು. ನಗುವಾಗಲೂ ಅಳುವಾಗಲೂ ಭುಜ ಕುಲುಕುವುದು ಒಂದೇ ಥರ; ದೇವರು ಮಾಡಿದ ದೊಡ್ಡ ಉಪಕಾರ ಅದು. "ವಿಧವೆಗೆ ಕಿಟಕಿ ಯಾಕೆ ಅಣ್ಣಾ? ಯಾರ ದಾರಿ ನೋಡಲಿ? ಯಾರೂ ವಾಸ ಮಾಡದ ಜಾಗ ನನಗೆ ಕೊಡಿ. ಅಡಿಗೆಮನೆ, ನೆಲಮಾಳಿಗೆ. ಸಾಲದಿದ್ರೆ ಈ ಮೊಗಸಾಲೆ, ಈ ಹಳೇ ಮೆಟ್ಟಿಲು. ಕಸ ಗುಡಿಸ್ಕೊಂಡು ಇರ್ತೀನಿ."

ಮೂವರೂ ಲೆಕ್ಕ ಹಾಕಿದರು. ಎಲ್ಲ ಸೇರಿದರೆ ಮೂರನೇ ಒಂದು ಪಾಲಿಗೆ ಸರಿಯಾಗಿ ಕೂರುತ್ತಿತ್ತು. ಕಮ್ಮಾರ ಮಾತ್ರ ಗಡ್ಡ ಕೆರೆದುಕೊಂಡ. "ಅಲ್ಲಾ, ಮಹಡಿ ಇವನಿಗೆ, ಮೆಟ್ಟಿಲು ಅವರಿಗೆ ಅಂದ್ರೆ..."

"ಮೆಟ್ಟಿಲು ಅವಳಿಗೇ ಇರ್ಲಿ!" ಜೇಬೆಜ್ ಮಧ್ಯದಲ್ಲೇ ಬಾಯಿ ಹಾಕಿದ. "ನಡುವಿನ ಮೂರು ಹಲಗೆ ಕೊಳೆತಿದೆ. ಮುಂಬಾಗಿಲಿನ ಹೊಸ್ತಿಲೂ ಹುಳ ಹಿಡಿದಿದೆ. ಯಾರ ಪಾಲೋ ಅವರದೇ ರಿಪೇರಿ. ಬರೀರಿ, ಬರೀರಿ."

"ಮಗ ದೊಡ್ಡ ಮನಸ್ಸಿನೋನು," ಎಂದಳು ಸೈಲೆನ್ಸಮ್ಮ. "ಕಡುಬು ಆರಿಹೋಗತ್ತೆ, ಬನ್ನಿ."

ಕ್ಯಾಪ್ಟನ್ ಎದ್ದೇಬಿಟ್ಟ. ಡೀಕನ್ ಕೊನೆಯ ಸಾಲು ಬರೆಸಲು ಮೂಗು ಸರಿಮಾಡಿಕೊಂಡ: "ವಿಂಧವೆಗೆ ಮಂಗನ ಭಾಂಗದ ಮೂಲಕ..."

"ಅದೊಂದು ಬೇಡ ಅಣ್ಣಾ. ಒಲೆ, ಬಾವಿ ದಾರಿ, ನೆಲಮಾಳಿಗೆ ಎಲ್ಲ ನನ್ನ ಕಡೇನೇ ಬಂತಲ್ಲ. ನಾನ್ಯಾಕೆ ಮಕ್ಕಳ ಕೋಣೆ ತುಳೀಲಿ?"

"ಸಂರಿಯೇ," ಎಂದ ಡೀಕನ್. ಅಲ್ಲಿಗೆ ಆ ಸಾಲು ಬಿದ್ದುಹೋಯಿತು. ಮೂವತ್ತು ವರ್ಷದಲ್ಲಿ ದಾರಿ ಬೇಕಾಗಿದ್ದುದು ಯಾವಾಗಲೂ ವಿಧವೆಗೇ. ಮಗನಿಗೂ ಬೇಕಾಗಬಹುದೆಂದು ಹಡ್‌ಬರಿಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಅಂಥದೊಂದು ವಾಕ್ಯವನ್ನು ಯಾರೂ ಕಟ್ಟಿಯೇ ಇರಲಿಲ್ಲ. ಕಡುಬು ಚೆನ್ನಾಗಿತ್ತು.

ಜೇಬೆಜ್ ದಂಪತಿ ಅತಿಥಿಕೋಣೆಗೆ ಬಂದು ಸೇರಿಕೊಂಡರು. ಗಿರಾಕಿಗಳು ಅಡಿಗೆಮನೆಯಲ್ಲಿ ಮೈಗೆ ಮೈ ತಾಗಿಸಿ ಕುಡಿಯತೊಡಗಿದರು. ಬೆಳಗಿನಿಂದ ಸಂಜೆಯವರೆಗೆ ಪೇಶನ್ಸ್ ಮೊಗಸಾಲೆಯಲ್ಲಿ ಓಡಾಡಿ, "ಅಮ್ಮಾ, ನಿನ್ನ ಪಾಲಿನಲ್ಲಿ ಕಸ ಬಿದ್ದಿದೆ, ಗುಡಿಸು" ಎನ್ನುವಳು. ಸೈಲೆನ್ಸಮ್ಮ ಗುಡಿಸುವಳು. ಊರವರು ಕನಿಕರಪಟ್ಟರು. "ಟಟ್ಲಮ್ಮನ ನಾಲಿಗೆ ಗಂಡನ ಜೊತೆ ಮಣ್ಣಿಗೆ ಹೋಯ್ತು" ಎಂದರು.

ಕೋರ್ಟಿನ ಒಪ್ಪಿಗೆ ಬಂದದ್ದು ಮೊದಲ ಹಿಮ ಬಿದ್ದ ವಾರ, ಶನಿವಾರ ಮಧ್ಯಾಹ್ನ. ಡೀಕನ್ ಬಂದು ಅಡಿಗೆಮನೆಯಲ್ಲಿ ನಿಂತು ಎಲ್ಲರೆದುರಿಗೆ ಓದಿದ. ಇನ್ನು ಮೂವರು ನ್ಯಾಯಾಧೀಶರು ಬಂದರೂ ಗೆರೆ ಅಳಿಸುವ ಹಾಗಿಲ್ಲ. ಅದೇ ಹೊತ್ತಿಗೆ ಬಾಸ್ಟನ್ ಸಾಹುಕಾರನ ಗಾಡಿಯೂ ಬಂದು ನಿಂತಿತು. ಶನಿವಾರ ಸೂರ್ಯ ಮುಳುಗಿದರೆ ಸಬ್ಬತ್ ಶುರು, ಕೆಲಸ ನಿಷಿದ್ಧವಾದ ದೇವರ ದಿನ. ಭಾನುವಾರ ಮುಗಿಯುವವರೆಗೆ ಯಾರೂ ಪ್ರಯಾಣ ಮಾಡುವಂತಿಲ್ಲ. ಸಾಹುಕಾರ ಅಲ್ಲೇ ಉಳಿದ. ಸೈಲೆನ್ಸಮ್ಮ ಅವನಿಗೆ ಒಲೆಯ ಪಕ್ಕ ಹಾಸಿಗೆ ಹಾಕಿ, ಬಿಸಿ ಕಾಳು, ರೊಟ್ಟಿ, ಹಂದಿಮಾಂಸ ಬಡಿಸಿದಳು.

"ಸೋಮವಾರ ಬೆಳಿಗ್ಗೆ ಮನೆಯೆಲ್ಲ ತೋರಿಸ್ತೀನಿ," ಎಂದ ಜೇಬೆಜ್ ಕೈ ಉಜ್ಜುತ್ತ. "ಅಮ್ಮ ಅಷ್ಟರಲ್ಲಿ ಸಹಿ ಹಾಕ್ತಾಳೆ. ಹಾಕದೆ ಎಲ್ಲಿಗೆ ಹೋಗ್ತಾಳೆ?" ಹೆಂಡತಿಯ ಜೊತೆ ಅತಿಥಿಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಸೂರ್ಯ ನದಿಯಾಚೆ ಇಳಿದ. ಬಾಗಿಲಿನ ಹೊರಗಡೆಯಿಂದ ಒಂದು ಅಗುಳಿ ಬಿದ್ದ ಸದ್ದಾಯಿತು. ಆಮೇಲೆ ಇನ್ನೊಂದು ಬಾಗಿಲಿನದು.

"ಅಮ್ಮಾ? ಬಾಗಿಲು ಸಿಕ್ಕಿಹಾಕ್ಕೊಂಡಿದೆ."

"ಸಿಕ್ಕಿಹಾಕ್ಕೊಂಡಿಲ್ಲ ಮಗಾ. ಅಗುಳಿ ಹಾಕಿದೀನಿ."

"ಯಾಕೆ?"

"ಆಚೆಗಿರೋದು ನನ್ನ ಮೊಗಸಾಲೆ. ಈಗ ತಾನೇ ಡೀಕನ್ನವರು ಓದಿದ್ರಲ್ಲ."

"ಅದು ಸರಿ, ನಾವು ಹೊರಗೆ ಬರೋದು ಹೇಗೆ?"

"ಓದ್ತಿರೋವಾಗ ನಾನೂ ಅದನ್ನೇ ಕಿವಿಗೊಟ್ಟು ಕೇಳ್ತಿದ್ದೆ. ಎಲ್ಲೂ ಬರಲಿಲ್ಲ ಪಾಪ."

"ಅಡಿಗೆಮನೆ ಕಡೆ ಬಾಗಿಲು ತೆಗಿ!"

"ಅಡಿಗೆಮನೆ ನಂದು."

"ಕೊಡಲಿಯಿಂದ ಒಡೆದುಬಿಡ್ತೀನಿ ನೋಡು!"

"ಸಬ್ಬತ್ ದಿನ ಕೊಡಲಿನಾ? ದಂಡ ಹಾಕ್ತಾರಪ್ಪ. ಅದೂ ವಿಧವೆ ಬಾಗಿಲಿಗೆ. ಆಮೇಲೆ ಕೊಡಲಿ ನೆಲಮಾಳಿಗೇಲಿದೆ. ನೆಲಮಾಳಿಗೆ..."

"ಗೊತ್ತು!" ಎಂದು ಒಳಗಿನಿಂದ ಗರ್ಜನೆ ಬಂತು.

ಪೇಶನ್ಸಳ ದನಿ ಈಗ ಕೀರಲಾಗಿತ್ತು. "ನನ್ನ ಕಾಳಿನ ಗಡಿಗೆ ಒಲೇಲಿದೆ!"

"ಗಡಿಗೆ ನಿಂದು, ಒಲೆ ನಂದು, ಬೆಂದಿದ್ದು ದೇವರದು. ಹೊಟ್ಟೆಗಿಲ್ಲದೆ ಮಲಗಿಸ್ತೀನಾ ಮಗಳೇ? ಕಿಟಕಿ ತೆಗಿ." ಹಿಮದಲ್ಲಿ ಮನೆ ಸುತ್ತಿ ಬಂದು ಗಡಿಗೆಯನ್ನು ಕಿಟಕಿಯಲ್ಲಿ ಕೊಟ್ಟಳು, ರೊಟ್ಟಿ, ಕಾಕಂಬಿ, ಮುಚ್ಚಳವಿದ್ದ ಒಂದು ಖಾಲಿ ಮಣ್ಣಿನ ಪಾತ್ರೆಯನ್ನೂ. ಆ ಪಾತ್ರೆ ಯಾತಕ್ಕೆಂದು ಪೇಶನ್ಸಳಿಗೆ ಹೊಳೆದಾಗ ಕಿಟಕಿ ದಡಕ್ಕನೆ ಮುಚ್ಚಿತು.

ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ನಗಾರಿ ಮೊಳಗಿತು. ಹಡ್‌ಬರಿಯಲ್ಲಿ ಪ್ರಾರ್ಥನೆಗೆ ಬಾರದವರಿಗೆ ದಂಡ. ಕಾಯಿಲೆ ಎಂದರೆ ಡೀಕನ್ನೇ ಬಂದು ನಾಲಿಗೆ ನೋಡುತ್ತಿದ್ದ. ಇಡೀ ಊರು ಕಪ್ಪು ಬಟ್ಟೆ ತೊಟ್ಟು ವಸತಿಮನೆಯ ಮುಂದಿನ ರಸ್ತೆಯಲ್ಲೇ ಸಾಲಾಗಿ ಬರುತ್ತಿತ್ತು. ಸೈಲೆನ್ಸಮ್ಮ ಕೀರ್ತನೆಗಳ ಪುಸ್ತಕ ಹಿಡಿದು ತನ್ನ ಹುಳ ಹಿಡಿದ ಹೊಸ್ತಿಲ ಮೇಲೆ ನಿಂತಿದ್ದಳು. ಪಕ್ಕದಲ್ಲಿ ಸಾಹುಕಾರ.

ಕಿಟಕಿ ತೆರೆಯಿತು. ಮೊದಲು ಜೇಬೆಜ್‌ನ ಟೋಪಿ ಹಿಮಕ್ಕೆ ಬಿತ್ತು, ಅದರ ಮೇಲೆ ಜೇಬೆಜ್. ಆಮೇಲೆ ಪೇಶನ್ಸ್ ಹೊರಟಳು. ಸಾಹುಕಾರರ ಎದುರಿಗೆ ಮೆರೆಯಲೆಂದು ತಿಮಿಂಗಿಲದ ಎಲುಬಿನ ಬಳೆ ಕಟ್ಟಿದ ಲಂಗ ಹೊಲಿಸಿದ್ದಳು. ಅದರ ಅಗಲದ ಮುಂದೆ ಕಿಟಕಿಯ ಅಗಲ ಏನೇನೂ ಅಲ್ಲ. ಸೊಂಟದವರೆಗೆ ಬಂದಳು, ನಿಂತಳು. ಪರದೆಗೆ ಗೇಣು ಹಾಕಿದವಳು ಲಂಗಕ್ಕೆ ಹಾಕಿರಲಿಲ್ಲ.

"ಎಳೀರಿ!"

"ಎಳೀತಿದೀನಲ್ಲ!"

"ಎಳೀತಿಲ್ಲ, ಹರೀತಿದೀರಿ!"

ಸಬ್ಬತ್ ದಿನ ನಗುವುದು ಪಾಪ. ಊರಿಗೆ ಊರೇ ಕೆನ್ನೆ ಕಚ್ಚಿಕೊಂಡು ಆಕಾಶ ನೋಡಿತು. ಡೀಕನ್ ಎಲಿಫಲೆಟ್ ಜನ ಸೀಳಿಕೊಂಡು ಬಂದ.

"ಇಂದೇನಿದು ತಂಗೀ! ಮಂಗನಿಗೆ ದಾಂರಿ ಬಿಡಬೇಕು!"

"ನೀವೆಳೆದ ಗೆರೆ ನಾನು ಒಂದು ಕೂದಲಷ್ಟೂ ಮೀರಿಲ್ಲ ಅಣ್ಣಾ. ದಾರಿ ಪತ್ರದಲ್ಲಿದ್ರೆ ಈಗಲೇ ಬಿಡ್ತೀನಿ. ಎಲ್ಲಿದೆ ಹೇಳಿ."

"ಇಂದೆಯಲ್ಲ! ವಿಂಧವೆಗೆ ಮಂಗನ ಭಾಂಗದ..." ಡೀಕನ್ ಅಲ್ಲೇ ನಿಂತುಬಿಟ್ಟ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಕಿವಿಗೂ ಬಿದ್ದಿತ್ತು.

"ನಾನಂದೆ, ಮೆಟ್ಟಿಲು ಅಂದೆ," ಎಂದು ಕಮ್ಮಾರ ಹಿಂದಿನಿಂದ ಗೊಣಗಿದ.

ಇಡೀ ಊರು ಡೀಕನ್ನನ ಮೂಗನ್ನೇ ನೋಡುತ್ತಿತ್ತು. ತಪ್ಪಾಯಿತು ಎನ್ನಬೇಕು, ಇಲ್ಲವೇ ತಪ್ಪೇ ಇಲ್ಲ ಎನ್ನಬೇಕು. ಮೂವತ್ತು ವರ್ಷದ ಮರ್ಯಾದೆ ಒಂದು ಕಡೆ, ಕಿಟಕಿಯಲ್ಲಿ ನೇತಾಡುವ ಹೆಂಗಸು ಒಂದು ಕಡೆ. ಡೀಕನ್ ಮರ್ಯಾದೆಯ ಕಡೆ ವಾಲಿದ. "ಹಂಡ್‌ಬರಿಯ ಪಾಂಲುಪತ್ರದಲ್ಲಿ ತಂಪ್ಪೇ ಇರುವುದಿಲ್ಲ. ಬಂರೆದದ್ದು ಬಂರೆದದ್ದೇ." ಎಂದವನೇ ಪ್ರಾರ್ಥನೆಗೆ ಹೊರಟ, ತುಸು ಬೇಗ ಬೇಗನೆ.

ಸಾಹುಕಾರ ಕಿಟಕಿಯನ್ನೊಮ್ಮೆ, ಜೇಬೆಜ್‌ನನ್ನೊಮ್ಮೆ ನೋಡಿದ. "ನಾನು ಮನೆ ಕೊಳ್ಳೋಕೆ ಬಂದೋನು ಸ್ವಾಮಿ. ಕಿಟಕಿ ನಮ್ಮೂರಲ್ಲೇ ಸಿಗತ್ತೆ."

ಅಷ್ಟರಲ್ಲಿ ಎಲುಬೋ ಹೊಲಿಗೆಯೋ ಪಟ್ಟೆಂದಿತು. ಪೇಶನ್ಸ್ ಹಿಮದ ಮೇಲೆ ಬಿದ್ದಳು. ಲಂಗದ ಮುಕ್ಕಾಲು ಪಾಲು ಒಳಗೇ ಉಳಿಯಿತು, ತನ್ನದೇ ಭಾಗದಲ್ಲಿ.

ಸೋಮವಾರ ಜೇಬೆಜ್ ಹಿತ್ತಲ ಬಾಗಿಲಿಗೆ ಬಂದು, ಒಳಗೆ ಬರಬಹುದೇ ಎಂದು ಕೇಳಿ, ಟೋಪಿ ತೆಗೆದು ಅಡಿಗೆಮನೆಯಲ್ಲಿ ಕೂತ. ಸಾಕ್ಷಿಗೆ ಡೀಕನ್ ಮತ್ತು ಕಮ್ಮಾರ. ಕಿಟಕಿಯಿಂದ ಹತ್ತಿ ಇಳಿಯುವ ಕೋಣೆಗಳನ್ನು ಯಾರೂ ಕೊಳ್ಳುವುದಿಲ್ಲ, ಯಾರೂ ಬಾಡಿಗೆಗೂ ಕೇಳುವುದಿಲ್ಲ. ವಿಧವೆಯೋ ಗುಂಡುಕಲ್ಲಿನ ಹಾಗಿದ್ದಾಳೆ. ಕೊನೆಗೆ, ಅವಳು ಬದುಕಿರುವವರೆಗೆ ತನ್ನ ಎರಡು ಪಾಲೂ ಅವಳ ವಸತಿಮನೆಗೇ ಇರಲೆಂದೂ, ಪ್ರತಿಯಾಗಿ ವರುಷಕ್ಕೊಂದು ಪೀಪಾಯಿ ಸೇಬಿನ ಮದ್ಯ ಮಿಡಲ್‌ಟೌನಿಗೆ ಕಳಿಸಬೇಕೆಂದೂ ಒಪ್ಪಿ ಸಹಿ ಹಾಕಿದ. ಅವಳಿಂದ ಸಹಿ ಹಾಕಿಸಲು ಬಂದವನು ತಾನೇ ಹಾಕಿದ.

"ಈಗಲಾದ್ರೂ ಸಾಮಾನು ಗಾಡಿಗೆ ಸಾಗಿಸೋಕೆ ದಾರಿ ಬಿಡ್ತೀಯಾ?"

ಸೈಲೆನ್ಸಮ್ಮ ಎದ್ದು ಅತಿಥಿಕೋಣೆಯ ಅಗುಳಿ ತೆಗೆದಳು. ಮುಂಬಾಗಿಲು ಹಾರುಹೊಡೆದಳು. ಒಲೆಯ ಪಕ್ಕದ ಖಾಲಿ ಕೈಕುರ್ಚಿಯ ಕಡೆ ಒಂದು ಸಲ ನೋಡಿ, ಎರಡು ಬೆರಳಲ್ಲಿ ಮೂಗು ಒತ್ತಿ ಹಿಡಿದಳು.

"ಮಂಗನಿಗೆ ವಿಂಧವೆಯ ಭಾಂಗದ ಮೂಲಕ ಮಿಂಡಲ್‌ಟೌನಿಗೆ ಹೋಂಗಲು ಹಂಕ್ಕುಂಟು!"

ಕಮ್ಮಾರ ಲೋಟದೊಳಗೆ ಕೆಮ್ಮಿದ. ಡೀಕನ್ ಹುಬ್ಬು ಗಂಟಿಕ್ಕಿ ಯೋಚಿಸಿದ. "ಈ ದಂನಿ ಎಲ್ಲೋ ಕೇಂಳಿದ ಹಾಗಿದೆಯಲ್ಲ ತಂಗೀ. ನಿನ್ನ ಗಂಡನದ್ದೇ?"

"ಅವರಿಗೆ ತುಂಬ ಇಷ್ಟವಾದ್ದು ಅಣ್ಣಾ," ಎಂದಳು ಸೈಲೆನ್ಸಮ್ಮ. ಅವಳ ಭುಜ ಕುಲುಕಿತು. ಈ ಸಲ ಯಾವುದಕ್ಕೆಂದು ಅವಳಿಗೇ ತಿಳಿಯಲಿಲ್ಲ.

ಜೇಬೆಜ್ ಹೊಸ್ತಿಲ ಮೇಲೆ ಪೆಟ್ಟಿಗೆ ಹೊತ್ತು ನಿಂತು, ಉಳಿದ ಮಾತಿಗಾಗಿ ಕಾಯುತ್ತಿದ್ದ. "ಹೋಗಲು ಅಂದೆ, ಸರಿ. ಮತ್ತೆ... ಬರಲು?"

"ಬರೋದಕ್ಕೆ ಹಕ್ಕು ಯಾಕೆ ಮಗಾ? ಹಸಿವು ಇದ್ರೆ ಸಾಕು. ವಸತಿಮನೆ ತಾನೇ," ಎಂದಳು ಸೈಲೆನ್ಸಮ್ಮ, ಪೊರಕೆ ತೆಗೆದುಕೊಂಡು ತನ್ನ ಮೊಗಸಾಲೆ ಗುಡಿಸುತ್ತ. "ದುಡ್ಡೂ ತಗೊಂಡು ಬಾ. ಮುಂಬಾಗಿಲಿಂದಲೇ ಬಾ."